ನಿಂತ ಕಾರಿನ ಖರ್ಚು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಉಣಕಲ್ ಕೆರೆಯನ್ನು ಹಿಂದಿಕ್ಕಿದ ಮೇಲೆ, ನವನಗರವನ್ನು ಮುಟ್ಟುವ ಮೊದಲೇ, ಬೈರಿದೇವರಕೊಪ್ಪ ಎದುರಾಗುತ್ತದೆ. ಒಂದು ಕಾಲಕ್ಕೆ ಹೊಲಗಳ ನಡುವಣ ಹಳ್ಳಿಯಾಗಿದ್ದ ಊರು ಇಂದು ಅವಳಿ ನಗರಗಳನ್ನು ಬೆಸೆಯುವ ಹೆದ್ದಾರಿಯ ಒಂದು ಮಗ್ಗುಲಾಗಿದೆ. ರಸ್ತೆಯ ನಡುವೆ, 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸುಗಳಿಗೆಂದೇ ಮೀಸಲಾದ ಪಥ. ಅದರ ಎರಡೂ ಬದಿಗೆ ಲಾರಿ, ಟ್ರ್ಯಾಕ್ಟರು, ಆಟೋರಿಕ್ಷಾ, ಬೈಕುಗಳ ಅವಿರತ ಪ್ರವಾಹ. ವಾಹನವನ್ನು ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ರೈಲ್ವೆ ಕಾರ್ಖಾನೆಯನ್ನು ಕಂಡು ಬೆಳೆದ ಹುಬ್ಬಳ್ಳಿಗೆ ಲೇತು, ಬೆಸುಗೆ, ಅಚ್ಚುಗಳು ಹೊಸ ಮಾತುಗಳೂ ಅಲ್ಲ.

ಇಂಥ ಊರಿನ ಒಂದು ಮನೆಯ ಅಂಗಳಕ್ಕೆ ಹಳೆಯದೊಂದು ಸ್ಪೋರ್ಟ್ಸ್ ಕಾರು ಬಂದಿತೆಂದು ಭಾವಿಸೋಣ. ಸೋದರಮಾವನ ಶೆಡ್ಡಿನಲ್ಲಿ ಹತ್ತು ವರ್ಷ ತಾಡಪಾಲಿನ ಕೆಳಗಿದ್ದುದು. ಅಥವಾ ಯಾರೋ ಊರು ಬಿಡುವಾಗ ಅಗ್ಗಕ್ಕೆ ಕೊಟ್ಟುಹೋದುದು. ಮಕ್ಕಳು ಸುತ್ತ ನೆರೆಯುತ್ತಾರೆ, ನೆರೆಮನೆಯವರು ಗೋಡೆಯ ಮೇಲಿಂದ ಇಣುಕುತ್ತಾರೆ. ಮನೆಯ ಲೆಕ್ಕ ಬರೆಯುವವರು ಮಾತ್ರ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಇದಕ್ಕೆ ಒಟ್ಟು ಎಷ್ಟು ಬೀಳುತ್ತದೆ? ತಂದವರ ಬಳಿ ಆ ಪ್ರಶ್ನೆಗೆ ಉತ್ತರವಿರುವುದು ವಿರಳ. ಅವರ ಭಯವೆಲ್ಲ ಎಂಜಿನಿನ ಮೇಲೆ. ಆದರೆ ಹಳೆಯ ಕಾರಿನಲ್ಲಿ ಹಣವೂ, ಕೆಲವು ಸಲ ಪ್ರಾಣವೂ ಸೋರಿಹೋಗುವ ತೂತು ಬಹುಮಟ್ಟಿಗೆ ಬೇರೆ ಕಡೆಗೇ ಇರುತ್ತದೆ.

ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರೆಂಬುದು ಎಂದೂ ಸುಲಭವಾಗಿ ದೊರೆತ ವಸ್ತುವಲ್ಲ. ಪರವಾನಗಿಯ ದಿನಗಳಲ್ಲಿ ಸಂಸಾರಕ್ಕೊಂದು ಸಾಧಾರಣ ಕಾರು ಸಿಗಬೇಕಾದರೂ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಆದರೂ ಆ ಕುಲಕ್ಕೆ ಸಮೀಪದ ಮೂರು ಗಾಡಿಗಳು ದಕ್ಷಿಣದ ರಸ್ತೆಗಳಲ್ಲಿ ಓಡಿವೆ. ಮದರಾಸಿನ ಹೊರವಲಯದ ವಂಡಲೂರಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೊದಲನೆಯದು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಈ ಕಾರಿನ ಚೌಕಟ್ಟನ್ನೇ ತುಸು ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಆದುದರಿಂದ ಹೆರಾಲ್ಡಿನ ರೋಗಗಳೆಲ್ಲ ಸ್ಪಿಟ್‌ಫೈರಿಗೂ ಉಂಟು. ಒಂದನ್ನು ಬಲ್ಲ ಮಿಸ್ತ್ರಿ ಇನ್ನೊಂದನ್ನೂ ಬಲ್ಲ. ಎರಡನೆಯದು ನಮ್ಮ ಬೆಂಗಳೂರಿನದೇ. ಇಂಗ್ಲೆಂಡಿನ ರಿಲಯಂಟ್ ಕಿಟನ್ನನ್ನು ಆಧರಿಸಿ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್: ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನು. ಹೂವಿನಂತೆ ಹಗುರವಾದ ಈ ಪುಟ್ಟ ಗಾಡಿ ರ್‍ಯಾಲಿಗಳಲ್ಲಿ ತನಗಿಂತ ದೊಡ್ಡವುಗಳನ್ನು ಹಿಂದಿಕ್ಕಿ ಹೆಸರು ಮಾಡಿತು. ಆದರೆ ಸಂಸಾರಸ್ಥರಿಗೆ ಬೇಕಾದುದು ನಾಲ್ಕು ಬಾಗಿಲು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಡಾಲ್ಫಿನ್ನಿನ ಮಾರುಕಟ್ಟೆ ಕರಗಿತು. ಮೂರನೆಯದು ನೆರೆಯ ಗೋವೆಯಲ್ಲಿ 1998ರಿಂದ ಕೆಲವೇ ಸಂಖ್ಯೆಯಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಇದೂ ಫೈಬರ್‌ಗ್ಲಾಸಿನದೇ, ಎರಡೇ ಆಸನ, ರೆನೋ ಎಂಜಿನು.

ಹೆರಾಲ್ಡಿನ ಮುಂಭಾಗ ಮಿಸ್ತ್ರಿಗಳಿಗೆ ಅಚ್ಚುಮೆಚ್ಚು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ವಾಲಿಕೊಂಡರೆ ಎಂಜಿನು ಸುತ್ತಲೂ ಬಯಲಾಗುತ್ತದೆ. ಟೈರಿನ ಮೇಲೆಯೇ ಕುಳಿತು ಆರಾಮವಾಗಿ ಕೆಲಸ ಮಾಡಬಹುದು. ಕಷ್ಟವಿರುವುದು ಆ ಟೈರಿನ ಒಳಮಗ್ಗುಲಿನಲ್ಲಿ. ಮುಂಗಾಲಿಯನ್ನು ಹಿಡಿದಿರುವ ಉಕ್ಕಿನ ಲಂಬದಂಡದ ಕೆಳತುದಿಗೆ ಮರೆಗಳಿವೆ. ಅವು ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ಗೂಡಿನಲ್ಲಿ ತಿರುಚಿಕೊಂಡಿರುತ್ತವೆ. ಚಾಲಕ ಸ್ಟಿಯರಿಂಗನ್ನು ಹೊರಳಿಸಿದಾಗಲೆಲ್ಲ ಈ ಮರೆಗಳು ಗೂಡಿನೊಳಗೆ ತಿರುಗುತ್ತವೆ. ಇದಕ್ಕೆ ಬೇಕಾದುದು ಗೇರುಪೆಟ್ಟಿಗೆಗೆ ಹಾಕುವ ದಪ್ಪ ಎಣ್ಣೆ, ಗ್ರೀಸಲ್ಲ. ಆದರೆ ನಮ್ಮಲ್ಲಿ ಗ್ರೀಸ್ ಗನ್ನು ಕೈಯಲ್ಲಿದ್ದರೆ ಕಂಡ ರಂಧ್ರಕ್ಕೆಲ್ಲ ಗ್ರೀಸು ತುಂಬುವುದೇ ವಾಡಿಕೆ. ತುಂಬಿದ ಗ್ರೀಸು ಕಾಲಕ್ರಮದಲ್ಲಿ ಗಟ್ಟಿಯಾಗಿ ಮರೆಗಳ ಒಳಕ್ಕೆ ಇಳಿಯುವುದೇ ಇಲ್ಲ. ಕೆಳಗಿನಿಂದ ಮಳೆನೀರು ಸೇರುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ದಂಡ ಒಳಗೊಳಗೇ ಸವೆಯುತ್ತದೆ. ಒಂದು ದಿನ ಕಾರನ್ನು ನಿಧಾನವಾಗಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಳಿಸುತ್ತಿರುವಾಗ ದಂಡ ತುಂಡಾಗಿ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಮನೆಯ ಗೇಟಿನಲ್ಲಿ ಹಾಗಾದರೆ ಮಡ್‌ಗಾರ್ಡು ಮುರಿದು ಮುಗಿಯಿತು. ಲಾರಿಗಳ ಸಾಲಿನ ನಡುವೆ ಹಾಗಾದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಈ ಅನಾಹುತವನ್ನು ತಪ್ಪಿಸುವ ಎಣ್ಣೆಯ ಬೆಲೆ ಲೀಟರಿಗೆ ಐನೂರು ರೂಪಾಯಿಯ ಒಳಗೆ. ಒಂದು ಲೀಟರು ವರ್ಷಗಳ ಕಾಲ ಬರುತ್ತದೆ. ದಂಡವೇ ಹೋದರೆ ಹೊಸದಕ್ಕೆ ಇಂಗ್ಲೆಂಡಿಗೆ ಬರೆಯಬೇಕು; ಅಲ್ಲಿ ಈ ಭಾಗಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಸಾಗಣೆ, ಸುಂಕ, ತೆರಿಗೆಗಳು ಸೇರಿ ಮನೆಗೆ ಬರುವ ಹೊತ್ತಿಗೆ ಬೆಲೆ ಎಷ್ಟೋ ಪಾಲು ಏರಿರುತ್ತದೆ. ಹಾಗೆಂದು ಲೇತಿನ ಮೇಲೆ ಸಾಧಾರಣ ಉಕ್ಕಿನಲ್ಲಿ ಕಡೆಸಿಕೊಳ್ಳುವ ಮೋಹಕ್ಕೆ ಬೀಳಬಾರದು. ಬುಷ್ಷು, ಪಿನ್ನುಗಳನ್ನು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕಡೆಸಬಹುದು, ತಪ್ಪಿಲ್ಲ. ಚಕ್ರವನ್ನು ಹಿಡಿದ ದಂಡಕ್ಕೆ ಮಾತ್ರ ಅದೇ ಜಾತಿಯ, ಅದೇ ಹದದ ಉಕ್ಕೇ ಬೇಕು.

ಹಿಂಗಾಲಿಗಳ ವಿಷಯವೂ ಇದೆ. ಹೆರಾಲ್ಡಿನ ಹಿಂದಿನ ಅಚ್ಚು ಎರಡು ತುಂಡಾಗಿ, ರೆಕ್ಕೆಗಳಂತೆ ಬಡಿಯುವ ಬಗೆಯದು. ತಿರುವಿನಲ್ಲಿ ವೇಗವಾಗಿ ಹೋಗುತ್ತ ಹಠಾತ್ತನೆ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಹೊರಬದಿಯ ಚಕ್ರ ಮೈಯ ಕೆಳಗೆ ಮಡಚಿಕೊಳ್ಳಲು ನೋಡುತ್ತದೆ, ಬಾಲ ಜಾರುತ್ತದೆ. ಸ್ಪಿಟ್‌ಫೈರಿನಲ್ಲಿ ಇದನ್ನು 1970ರ ನಾಲ್ಕನೆಯ ಮಾದರಿಯಿಂದ ಹೊಸ ಬಗೆಯ ಸ್ಪ್ರಿಂಗಿನಿಂದ ತಿದ್ದಿದರು. ಹೆರಾಲ್ಡಿನಲ್ಲಿ ಇದು ಕೆಟ್ಟುಹೋದುದರ ಗುರುತಲ್ಲ, ಹುಟ್ಟುಗುಣ. ಮಿಸ್ತ್ರಿಗೆ ಹಣ ತೆತ್ತರೂ ಹೋಗದು. ತಿರುವಿಗೆ ಮೊದಲೇ ವೇಗ ತಗ್ಗಿಸುವ ಅಭ್ಯಾಸಕ್ಕೆ ಖರ್ಚಿಲ್ಲ.

ಇನ್ನು ಎಂಜಿನು. ಈ ಟ್ರಯಂಫ್ ಕುಲದ ಎಂಜಿನುಗಳು ಸರಳ, ಗಟ್ಟಿಮುಟ್ಟು. ಆದರೆ ಕ್ರ್ಯಾಂಕ್ ದಂಡ ಹಿಂದುಮುಂದಕ್ಕೆ ಸರಿಯದಂತೆ ತಡೆಯುವ ಅರ್ಧಚಂದ್ರಾಕಾರದ ಎರಡು ತೆಳು ಬಿಲ್ಲೆಗಳು ಅವುಗಳ ಮರ್ಮಸ್ಥಾನ. ಕ್ಲಚ್ಚನ್ನು ತುಳಿದಾಗಲೆಲ್ಲ ದಂಡ ಆ ಬಿಲ್ಲೆಗಳ ಮೇಲೆ ಒತ್ತುತ್ತದೆ. ಚೌಕದಲ್ಲಿ ಕೆಂಪು ದೀಪ ಬಿದ್ದಾಗ ಗೇರಿನಲ್ಲಿಯೇ ಇಟ್ಟು ಕ್ಲಚ್ಚು ತುಳಿದು ನಿಲ್ಲುವುದು ನಮ್ಮಲ್ಲಿ ಅನೇಕರ ರೂಢಿ. ಹೀಗೆ ಸವೆದ ಬಿಲ್ಲೆಗಳು ಕೊನೆಗೆ ಕಳಚಿ ಕೆಳಗಿನ ಎಣ್ಣೆತೊಟ್ಟಿಗೆ ಬೀಳುತ್ತವೆ; ಆ ಮೇಲೆ ಉಕ್ಕಿನ ದಂಡವೇ ಎಂಜಿನಿನ ಎರಕಕ್ಕೆ ಉಜ್ಜುತ್ತ ಅದನ್ನು ತಿಂದುಹಾಕುತ್ತದೆ. ಪರೀಕ್ಷೆ ಸುಲಭ. ಎಂಜಿನನ್ನು ನಿಲ್ಲಿಸಿಟ್ಟು, ಒಬ್ಬರು ಕ್ಲಚ್ಚು ತುಳಿದು ಬಿಡುತ್ತಿರಲಿ, ಇನ್ನೊಬ್ಬರು ಮುಂದಿನ ಬೆಲ್ಟಿನ ಗಾಲಿಯನ್ನು ನೋಡುತ್ತಿರಲಿ. ಗಾಲಿ ಕಣ್ಣಿಗೆ ಕಾಣುವಷ್ಟು ಹಿಂದುಮುಂದೆ ಸರಿದರೆ ಬಿಲ್ಲೆಗಳು ಮುಗಿದಂತೆಯೇ. ಆಗಲೇ ಬದಲಿಸಿದರೆ ಎಣ್ಣೆತೊಟ್ಟಿಯನ್ನು ಇಳಿಸಿ ಏರಿಸುವ ಕೂಲಿ, ಬಿಲ್ಲೆಯ ಬೆಲೆ, ಹೊಸ ಎಣ್ಣೆ. ಕೆಲವು ಸಾವಿರಗಳಲ್ಲಿ ಮುಗಿಯುತ್ತದೆ. ತಡೆದರೆ ಎಂಜಿನನ್ನೇ ಹೊರತೆಗೆದು, ಕ್ರ್ಯಾಂಕನ್ನು ಸಾಣೆಗೆ ಕೊಟ್ಟು, ಬೇರಿಂಗು, ಪಿಸ್ಟನ್ನುಗಳನ್ನು ಹುಡುಕಿ ತರುವ ದೊಡ್ಡ ಕೆಲಸ. ಆ ಕೆಲಸ ಬಲ್ಲವರಿಗೆ ದೂರ ಹೋಗಬೇಕಾಗಿಲ್ಲ. ಎರಕ ಮತ್ತು ಕ್ರ್ಯಾಂಕುಗಳ ಕೆಲಸಕ್ಕೆ ಹೆಸರಾದ ಬೆಳಗಾವಿ ಹತ್ತಿರದಲ್ಲಿಯೇ ಇದೆ. ಆದರೆ ಒಮ್ಮೆ ಎಂಜಿನು ಬಿಚ್ಚಿತೆಂದರೆ ಲೆಕ್ಕ ಲಕ್ಷವನ್ನು ಮುಟ್ಟುವುದು ಅಪರೂಪವಲ್ಲ.

ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ನಿಂತಿತು. ಸೀಸವು ಹಳೆಯ ಎಂಜಿನುಗಳ ಮೆತ್ತನೆಯ ವಾಲ್ವುಪೀಠಗಳಿಗೆ ಒಂದು ರಕ್ಷಾಕವಚವಾಗಿತ್ತು. ಹೆಡ್ಡು ಹೇಗೂ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಪೀಠಗಳನ್ನು ಕೂರಿಸಿಬಿಡುವುದು ಜಾಣತನ. ಅದಕ್ಕಾಗಿಯೇ ಬಿಚ್ಚುವ ಆತುರ ಬೇಡ. ಇದಕ್ಕಿಂತ ಅವಸರದ ವಿಷಯ ಈಗಿನ ಪೆಟ್ರೋಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಚಾಲನೆ ಪಡೆದ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇಂಧನ 2025ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿನಿಂದಲೂ ಇಳಿಯುವ ಈ ಎಥನಾಲ್ ರೈತನಿಗೆ ಸಿಹಿಯೇ ಇರಬಹುದು, ಹಳೆಯ ಕಾರಿನ ರಬ್ಬರಿಗೆ ಮಾತ್ರ ಕಹಿ. ಪೆಟ್ರೋಲಿನ ಹಳೆಯ ಕೊಳವೆಗಳು ಮೆತ್ತಗಾಗಿ ಬಿರಿಯುತ್ತವೆ. ಪಂಪಿನ ಪೊರೆ ಉಬ್ಬುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತೊಟ್ಟಿಯ ತಳದಲ್ಲಿ ನೀರು ನಿಂತು ತುಕ್ಕು ಏಳುತ್ತದೆ. ಬಿರಿದ ಕೊಳವೆ ಇರುವುದು ಬಿಸಿ ಎಂಜಿನಿನ ಮಗ್ಗುಲಲ್ಲಿ ಎಂಬುದನ್ನು ಗಮನಿಸಿದರೆ ಇದರ ಗಂಭೀರತೆ ತಿಳಿಯುತ್ತದೆ. ಎಥನಾಲ್ ತಾಳುವ ಹೊಸ ಕೊಳವೆಗಳನ್ನು ಆಮೂಲಾಗ್ರವಾಗಿ ಹಾಕಿಸುವುದು ಮನೆಗೆ ತಂದ ಮೊದಲ ವಾರದ ಕೆಲಸ. ಒಂದೆರಡು ಸಾವಿರದ ಮಾತು.

ಅಲ್ಯುಮಿನಿಯಂ ಎಂಜಿನು, ಗಾಜಿನ ನಾರಿನ ಮೈ

ಡಾಲ್ಫಿನ್ನಿನ ಚರಿತ್ರೆ ಬೇರೆ. ಅದರ ಎಂಜಿನಿನ ಒಡಲು, ಹೆಡ್ಡು ಎರಡೂ ಅಲ್ಯುಮಿನಿಯಂ. ಪಿಸ್ಟನ್ನು ಓಡುವ ಕೊಳವೆಗಳು ನೇರವಾಗಿ ತಂಪಿನ ನೀರಿನಲ್ಲಿ ನಿಂತಿರುತ್ತವೆ. ಆ ಕಾಲಕ್ಕೆ ಇದು ಸಾಹಸದ ವಿನ್ಯಾಸವೇ ಸರಿ. ಆದರೆ ಅಲ್ಯುಮಿನಿಯಂ ಲೋಹಕ್ಕೆ ನಲ್ಲಿಯ ನೀರು ಶತ್ರು. ತುಕ್ಕು ತಡೆಯುವ ಕೂಲೆಂಟನ್ನು ಹಾಕದೆ ಬರಿಯ ನೀರನ್ನೇ ಸುರಿಯುತ್ತ ಬಂದ ಕಾರುಗಳಲ್ಲಿ ನೀರಿನ ದಾರಿಗಳೆಲ್ಲ ಬಿಳಿಯ ಪುಡಿಯಿಂದ ಕಟ್ಟಿಕೊಂಡಿರುತ್ತವೆ. ಹೆಡ್ಡಿನ ಅಂಚು ತಿಂದುಹೋಗಿರುತ್ತದೆ. ಬೇಸಿಗೆಯ ಮಧ್ಯಾಹ್ನ, ಬೈರಿದೇವರಕೊಪ್ಪದ ಸಿಗ್ನಲ್ಲಿನಲ್ಲಿ ಎರಡು ಸರದಿ ಕಾದರೆ ಸಾಕು, ಉಷ್ಣಮಾಪಕದ ಮುಳ್ಳು ಮೇಲೇರುತ್ತದೆ. ಒಮ್ಮೆ ಚೆನ್ನಾಗಿ ಕಾದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಹಾರುತ್ತದೆ.

ಇದರ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರುವುದು ಒಳಿತು. ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯ ಕೆನೆಯಂತಹ ಪದಾರ್ಥ ಕಂಡರೆ, ಹೊಗೆ ಬಿಳಿಯಾಗಿ ಎಂಜಿನು ಬಿಸಿಯಾದ ಮೇಲೂ ಬರುತ್ತಲೇ ಇದ್ದರೆ, ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸಬೇಕು. “ಇನ್ನೆರಡು ಮೈಲಿ, ಮನೆ ಬಂದೇ ಬಿಟ್ಟಿತು” ಎಂಬ ಆ ಎರಡು ಮೈಲಿಯೇ ಅತ್ಯಂತ ದುಬಾರಿ. ನಿಲ್ಲಿಸಿದವರಿಗೆ ಹೆಡ್ಡನ್ನು ಸಮ ಮಾಡಿಸುವ ಖರ್ಚು, ಓಡಿಸಿದವರಿಗೆ ಎಂಜಿನನ್ನೇ ಹುಡುಕುವ ಖರ್ಚು. ಡಾಲ್ಫಿನ್ನಿನ ಎಂಜಿನು ಕಪಾಟಿನಿಂದ ಇಳಿಸಿಕೊಡುವ ವಸ್ತುವಲ್ಲ. ಕೂಲೆಂಟಿನ ಬೆಲೆ ಮಾತ್ರ ನೂರುಗಳಲ್ಲಿದೆ.

ಫೈಬರ್‌ಗ್ಲಾಸಿಗೆ ತುಕ್ಕಿಲ್ಲವೆಂದು ಮಾರುವವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಮೈಯ ಕೆಳಗೆ ಉಕ್ಕಿನ ಚೌಕಟ್ಟಿದೆ, ಅದಕ್ಕೆ ತುಕ್ಕುಂಟು. ಮೈ ಹೊಳೆಯುತ್ತಿರುವುದರಿಂದಲೇ ಕೆಳಗಿನ ಕೊಳೆ ಕಾಣುವುದಿಲ್ಲ. ಇಂಥ ಕಾರನ್ನು ಕೊಳ್ಳುವವರು ಬಣ್ಣವನ್ನು ನೋಡುವುದಕ್ಕೆ ಮುಂಚೆ ಅದನ್ನು ರ್‍ಯಾಂಪಿನ ಮೇಲೆ ಏರಿಸಿ, ಸ್ಪ್ರಿಂಗು ಕೂಡುವಲ್ಲಿ, ಅಡ್ಡಪಟ್ಟಿಗಳ ತುದಿಗಳಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮೈಯಲ್ಲಿ ಜೇಡರ ಬಲೆಯಂತಹ ಬಿರುಕುಗಳಿದ್ದರೆ ಗಾಬರಿಯಿಲ್ಲ. ಗಾಜಿನ ನಾರಿನ ಹಾಸು ಮತ್ತು ರಾಳದಿಂದ ತೇಪೆ ಹಾಕಬಹುದು. ಕಾರವಾರದ ಕಡಲ ದಂಡೆಯಲ್ಲಿ ಫೈಬರ್‌ಗ್ಲಾಸಿನ ಮೀನುದೋಣಿಗಳನ್ನು ಸರಿಪಡಿಸುವ ಕೈಗಳು ಮಾಡುವುದೂ ಇದನ್ನೇ. ತಗಡು ಬಡಿಯುವವರಿಗೆ ಕೊಟ್ಟು ಕೆಡಿಸಿಕೊಳ್ಳುವುದಕ್ಕಿಂತ ದೋಣಿಯವರಿಗೆ ತೋರಿಸುವುದು ಲೇಸು.

ಇಂಥ ಕಾರುಗಳಲ್ಲಿ ಮಿಸ್ತ್ರಿಯನ್ನು ತಿಂಗಳುಗಟ್ಟಲೆ ಆಟವಾಡಿಸುವ ಇನ್ನೊಂದು ರೋಗವಿದೆ. ಬಲಕ್ಕೆ ತಿರುಗುವ ದೀಪ ಹಾಕಿದರೆ ಬ್ರೇಕಿನ ದೀಪ ಮಿನುಗುತ್ತದೆ, ಹೆಡ್‌ಲೈಟು ಮಂಕಾಗುತ್ತದೆ, ಪೆಟ್ರೋಲಿನ ಮುಳ್ಳು ಕುಣಿಯುತ್ತದೆ. ಹೊಸ ಬಲ್ಬು, ಹೊಸ ಸ್ವಿಚ್ಚು, ಹೊಸ ಬ್ಯಾಟರಿ ಎಂದು ಹಣ ಹೋಗುತ್ತಲೇ ಇರುತ್ತದೆ. ಕಾರಣವಾದರೋ ಸರಳ. ತಗಡಿನ ಕಾರಿನಲ್ಲಿ ವಿದ್ಯುತ್ತು ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಗಾಜಿನ ನಾರು ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ಪ್ರತಿ ದೀಪಕ್ಕೂ ಚೌಕಟ್ಟಿಗೆ ಹೋಗುವ ಬೇರೆ ತಂತಿಯೇ ಬೇಕು. ಆ ತಂತಿಯ ತುದಿ ಹಸಿರುಗಟ್ಟಿದ್ದರೆ ವಿದ್ಯುತ್ತು ದಾರಿ ತಪ್ಪಿ ಇನ್ನೊಂದು ದೀಪದ ಮೂಲಕ ಹಿಂದಿರುಗಲು ಹವಣಿಸುತ್ತದೆ. ಒಂದು ಮರಳುಕಾಗದದ ತುಂಡು, ಹತ್ತಾರು ಅಡಿ ತಂತಿ ಮತ್ತು ಒಂದು ಭಾನುವಾರ. ಇಷ್ಟೇ ಔಷಧ.

ಸ್ಯಾನ್ ಸ್ಟಾರ್ಮಿಗೂ ಮೈಯ ಈ ಮಾತು ಸಲ್ಲುತ್ತದೆ. ವಯಸ್ಸಿನಲ್ಲಿ ಕಿರಿಯದಾದರೂ ಸಂಖ್ಯೆಯಲ್ಲಿ ಅದು ತೀರ ವಿರಳ. ಒಂದು ಬಂಪರೋ, ಗಾಜೋ ಒಡೆದರೆ ಹೊಸದು ಸಿಗುವ ಭರವಸೆಯಿಲ್ಲ; ಅಚ್ಚು ತೆಗೆದು ಮಾಡಿಸಿಕೊಳ್ಳಬೇಕು.

ನಿಂತಲ್ಲೇ ಕೆಡುವುದು

ಆದರೆ ಮೇಲೆ ಹೇಳಿದ ಯಾವ ರೋಗವೂ ಹತ್ತು ವರ್ಷ ತಾಡಪಾಲಿನ ಕೆಳಗೆ ನಿಂತುದರ ಮುಂದೆ ದೊಡ್ಡದಲ್ಲ. “ಓಡಿಸಿಯೇ ಇಲ್ಲ, ಹೊಸದರಂತಿದೆ” ಎಂಬ ಮಾತಿಗೆ ಮರುಳಾಗುವವರು ಬಹಳ. ಬ್ರೇಕಿನ ದ್ರವ ನಿಂತಲ್ಲಿಯೇ ತೇವವನ್ನು ಹೀರುತ್ತದೆ. ಚಕ್ರಗಳ ಸಿಲಿಂಡರುಗಳು ತುಕ್ಕಿನಿಂದ ಬಿಗಿದು ರಬ್ಬರಿನ ಬಟ್ಟಲುಗಳು ಸೀಳುತ್ತವೆ. ಕ್ಲಚ್ಚಿನ ಫಲಕ ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಜಿಗಣ್ಣುಗಳನ್ನು ಮುಚ್ಚುತ್ತದೆ. ಇಲಿಗಳ ಉಪಕಾರವನ್ನು ಹೇಳುವುದೇ ಬೇಡ. ಧಾರವಾಡದ ಮಳೆಗಾಲ ಸಹ್ಯಾದ್ರಿಯ ಸೆರಗಿನದು. ತಾಡಪಾಲಿನ ಒಳಗೆ ಸೇರಿದ ತೇವ ತಿಂಗಳುಗಟ್ಟಲೆ ಹೊರಗೆ ಹೋಗುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಚೌಕಾಶಿ ಸಲ್ಲದು. ಹೆರಾಲ್ಡಿನ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕಿನ ದ್ರವ ಹರಿಯುವುದು ಒಂದೇ ಸರಣಿಯಲ್ಲಿ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋದವು. ಆದುದರಿಂದ ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರು, ಕೊಳವೆ, ದ್ರವ ಎಲ್ಲವನ್ನೂ ಒಂದೇ ಸಲಕ್ಕೆ ಹೊಸದು ಮಾಡಿಸಬೇಕು. ಸೋರುವ ಒಂದನ್ನು ಮಾತ್ರ ಸರಿಪಡಿಸಿದರೆ ಹೊಸ ಒತ್ತಡಕ್ಕೆ ಇನ್ನೊಂದು ಸೋರುತ್ತದೆ. ಟೈರುಗಳ ಮೇಲೆ ಅವು ಹುಟ್ಟಿದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಮೇಲಿನ ಗೆರೆಗಳು ಎಷ್ಟೇ ಆಳವಾಗಿ ಕಂಡರೂ ಹತ್ತು ವರ್ಷ ಮೀರಿದ ರಬ್ಬರನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗಕೂಡದು.

ನಿಂತ ಕಾರಿನ ಜೊತೆಗೆ ಅದರ ಕಾಗದಪತ್ರವೂ ಕೊಳೆಯುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ಇದರ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಡಾಲ್ಫಿನ್ನು ಈ ಗುಂಪಿನದು. ಐವತ್ತು ವರ್ಷ ಮೀರಿದ ಹೆರಾಲ್ಡಿಗೆ ಇನ್ನೊಂದು ದಾರಿಯಿದೆ. 2021ರ ಜುಲೈಯಲ್ಲಿ ಹೊರಬಂದ ಕೇಂದ್ರದ ನಿಯಮಗಳಂತೆ 20,000 ರೂಪಾಯಿ ತೆತ್ತು ಅದನ್ನು ವಿಂಟೇಜ್ ವಾಹನವೆಂದು ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಮುಂದಿನ ನವೀಕರಣಕ್ಕೆ 5,000. ಆದರೆ ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ, ದುರಸ್ತಿಗಳಿಗಷ್ಟೇ ಹೊರತೆಗೆಯಬೇಕು. ಮತ್ತೊಂದು ನಿಬಂಧನೆಯೂ ಮುಖ್ಯ: ಕಾರು ತನ್ನ ಮೂಲರೂಪದಲ್ಲಿಯೇ ಇರಬೇಕು. ಬಿಡಿಭಾಗ ಸಿಗಲಿಲ್ಲವೆಂದು ಹಿಂದಿನ ಒಡೆಯರು ಬೇರೆ ಕಾರಿನ ಎಂಜಿನನ್ನು ಕೂರಿಸಿದ ಹೆರಾಲ್ಡುಗಳು ನಮ್ಮಲ್ಲಿ ಕಡಿಮೆಯಿಲ್ಲ. ಪುಸ್ತಕದಲ್ಲಿರುವ ಎಂಜಿನು ಸಂಖ್ಯೆಗೂ ಕಾರಿನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಮಿಸ್ತ್ರಿ ಎಷ್ಟೇ ಚೆನ್ನಾಗಿ ಓಡಿಸಿಕೊಟ್ಟರೂ ಗಾಡಿ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತದೆ. ಮುಂಗಡ ಹಣ ಕೊಡುವ ಮೊದಲೇ, ಟಾರ್ಚು ಹಿಡಿದು ಈ ಎರಡು ಸಂಖ್ಯೆಗಳನ್ನು ಓದಿಕೊಳ್ಳಬೇಕು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಮದರಾಸಿನ ಪುದುಪೇಟೆಗಳನ್ನು ಅಲೆಯುವುದು ಇಂಥ ಕಾರಿನವರ ಹಣೆಬರಹ. ಹೋಗುವಾಗ ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುವುದು ಲೇಸು. ಹೆಸರು ಹೇಳಿದರೆ ತಲೆಯಾಡಿಸುವ ಅಂಗಡಿಯವರು ವಸ್ತುವನ್ನು ಕಂಡೊಡನೆ ಅಟ್ಟ ಹತ್ತುತ್ತಾರೆ. ಮಿಸ್ತ್ರಿಯ ಕೂಲಿಗಿಂತ ಈ ಅಲೆದಾಟದ ಖರ್ಚೇ ಕೆಲವೊಮ್ಮೆ ಹೆಚ್ಚು. ಕಾರು ಬಿಚ್ಚಿದ ಸ್ಥಿತಿಯಲ್ಲಿ ಆರು ತಿಂಗಳು ಕಾದರೆ ತಿರುಪುಗಳು ಕಾಣೆಯಾಗುತ್ತವೆ, ಬಿಚ್ಚಿದ ಹುಡುಗ ಬೇರೆ ಗ್ಯಾರೇಜಿಗೆ ಹೋಗಿರುತ್ತಾನೆ. ಭಾಗ ಕೈಗೆ ಬಂದ ಮೇಲೆಯೇ ಬಿಚ್ಚಿಸಬೇಕೆಂಬುದು ಬಲ್ಲವರ ಮಾತು.

ಎಲ್ಲ ಸರಿಯಾಗಿ ಕಾರು ಮನೆಗೆ ಮರಳಿದ ಮೇಲೆ ಅದನ್ನು ಮತ್ತೆ ತಾಡಪಾಲಿನ ಕೆಳಗೆ ನೂಕಬಾರದು. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಗಿನ ಆರು ಗಂಟೆಗೆ, ರಸ್ತೆ ತೆರವಾಗಿರುವಾಗ, ಕಾಗದಪತ್ರ ಅನುಮತಿಸುವ ಮಟ್ಟಿಗೆ, ಬೈರಿದೇವರಕೊಪ್ಪದಿಂದ ಧಾರವಾಡದವರೆಗೆ ಹೋಗಿ ಬಂದರೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಎಂಜಿನು ಪೂರ್ಣ ಬಿಸಿಯಾಗಿ ಒಳಗಿನ ತೇವ ಆರಲು, ಬ್ಯಾಟರಿ ತುಂಬಲು, ಬ್ರೇಕುಗಳು ಸಡಿಲಗೊಳ್ಳಲು ಅಷ್ಟು ಸಾಕು. ಹಿಂದಿರುಗಿದ ಮೇಲೆ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಹಾಸಿಡಬೇಕು. ಮರುದಿನ ನಡುವೆ ಕಪ್ಪು ಹನಿ ಕಂಡರೆ ಎಂಜಿನಿನ ಎಣ್ಣೆ. ಹಳೆಯ ಇಂಗ್ಲಿಷ್ ವಿನ್ಯಾಸದ ಎಂಜಿನಿಗೆ ಒಂದೆರಡು ಹನಿ ಸಹಜವೇ. ಮುಂದೆ ಹಸಿರು ಹನಿಯಾದರೆ ಕೂಲೆಂಟು. ಆ ವಾರವೇ ಮಿಸ್ತ್ರಿಗೆ ಹೇಳಬೇಕು. ಚಕ್ರದ ಒಳಮಗ್ಗುಲಲ್ಲಿ ಕಾಗದ ಒದ್ದೆಯಾಗಿದ್ದರೆ ಅದು ಬ್ರೇಕಿನ ದ್ರವ. ಆಗ ಕೀಲಿಕೈಯನ್ನು ಒಳಗಿಟ್ಟು, ಮಿಸ್ತ್ರಿಯನ್ನೇ ಮನೆಗೆ ಕರೆಸಬೇಕು.